ಸೂರ್ಯಚಂದ್ರರಿರುವ ಪರ್ಯಂತ

ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆ ಸಂಚಾರ ಮಾಡಿದ ನಮ್ಮ ವಾಚಕರು ಊರ ಮುಂದೆ, ಕೆರೆಯ ಏರಿಯ ಮೇಲೆ, ಪಾಳುಬಿದ್ದ ಗುಡಿಯ ಮಗ್ಗುಲಲ್ಲಿ ನಿಂತಿರುವ ಶಾಸನದ ಕಲ್ಲುಗಳನ್ನು ಕಂಡೇ ಇರುವರು. ಅಕ್ಷರಗಳು ಸವೆದುಹೋಗಿದ್ದರೂ ಎಷ್ಟೋ ಕಲ್ಲುಗಳ ನೆತ್ತಿಯಲ್ಲಿ ಕೊರೆದ ಸೂರ್ಯಚಂದ್ರರು ಮಾತ್ರ ಹಾಗೆಯೇ ಉಳಿದಿರುತ್ತಾರೆ. ಓದಲು ಬಾರದ ಒಕ್ಕಲಿಗನೂ ಅವುಗಳ ಅರ್ಥವನ್ನು ಬಲ್ಲನು. ಕೊಟ್ಟ ದತ್ತಿಯು ಆಚಂದ್ರಾರ್ಕವಾಗಿ ಸಲ್ಲತಕ್ಕದ್ದು, ಕೊಟ್ಟವನು ಸತ್ತನೆಂದಾಗಲಿ ಅವನ ವಂಶವೇ ಅಳಿಯಿತೆಂದಾಗಲಿ ಅದನ್ನು ಕಿತ್ತುಕೊಳ್ಳತಕ್ಕದ್ದಲ್ಲ ಎಂಬುದೇ ಆ ಅರ್ಥ. ಸೂರ್ಯನು ಇನ್ನೆಷ್ಟು ಕಾಲ ಉರಿಯುವನೆಂದು ಯಾವ ಶಾನುಭೋಗನೂ ಲೆಕ್ಕ ಹಾಕಲಿಲ್ಲ. ಹಾಗೆಂದು ಅದು ಬರಿಯ ಬಾಯಿಮಾತೆಂದು ತಳ್ಳಿಹಾಕಲೂ ಇಲ್ಲ.

ಈ ಮಾತು ಒಂದು ಕಾಲದಲ್ಲಿ ಇಂಗ್ಲಿಷಿಗೆ ಹೋಯಿತು. ಹೋದ ಮೇಲೆ ಅದಕ್ಕೆ ಏನು ಗತಿಯಾಯಿತೆಂಬುದನ್ನು ಇಂದು ನೆನೆಯುವುದು ಹಳೆಯ ಗಾಯವನ್ನು ಕೆದಕುವುದಕ್ಕಾಗಿ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ನೆಲವೂ ಜಲವೂ ಎರಡು ಶತಮಾನಗಳಿಂದ ಇಂಗ್ಲಿಷ್ ಕಾಗದಗಳಲ್ಲಿನ ಕೆಲವೇ ಪದಗಳ ಅರ್ಥವನ್ನು ಹಿಡಿದು ತೂಗಾಡಿವೆ; ಈಗಲೂ ತೂಗಾಡುತ್ತಲಿವೆ. ಪದದ ನೇರವಾದ ಅರ್ಥವನ್ನು ಹಿಡಿಯಬೇಕೆ, ಅಲಂಕಾರದ ಅರ್ಥವನ್ನು ಹಿಡಿಯಬೇಕೆ ಎಂಬ ಪ್ರಶ್ನೆಯು ಶಾಲೆಯ ಉಪಾಧ್ಯಾಯರದು ಮಾತ್ರವೆಂದು ತಿಳಿದವರು ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಓದತಕ್ಕುದು.

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಜುಲೈ 8ರಂದು ಪಟ್ಟಣಕ್ಕೆ ಸಮೀಪದ ನಜರ್‌ಬಾದಿನಲ್ಲಿ ಕುಂಪಣಿಯವರಿಗೂ ಮುಮ್ಮಡಿ ಕೃಷ್ಣರಾಜ ಒಡೆಯರವರಿಗೂ ಒಂದು ಕರಾರಾಯಿತು. ದೊರೆಗಳಿಗೆ ಆಗ ಐದು ವರ್ಷವೂ ತುಂಬಿರಲಿಲ್ಲ. ತುಂಬಲು ಆರು ದಿನಗಳಿದ್ದವು. ಎರಡು ಪಕ್ಷಗಳ ಸ್ನೇಹವು ನಿರಂತರವಾದುದೆಂದೂ, ಸೂರ್ಯಚಂದ್ರರಿರುವ ಪರ್ಯಂತ ಈ ಕರಾರು ಉಭಯರನ್ನೂ ಕಟ್ಟುವುದೆಂದೂ ಅದರಲ್ಲಿ ಬರೆಯಲಾಯಿತು. ಲಂಡನ್ನಿನ ವಕೀಲರು ತಮ್ಮ ಕರಾರುಪತ್ರಗಳಲ್ಲಿ ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆಯುವವರಲ್ಲ. ಈ ಮಾತು ನಮ್ಮದು, ನಮ್ಮ ಕಲ್ಲುಗಳ ಮೇಲಿನದು. ಈ ನಾಡಿನವರು ನಂಬಲೆಂದೇ ಈ ನಾಡಿನ ಮಾತನ್ನು ಆಂಗ್ಲ ವೇಷದಲ್ಲಿ ಬರೆದರೆಂದು ಹೇಳಿದರೆ ಅನ್ಯಾಯವಾಗದು.

ಇನ್ನು ಐವತ್ತೇಳು ವರ್ಷಗಳನ್ನು ದಾಟೋಣ. 1856ರ ಜನವರಿಯಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಪ್ರಭುಗಳು ಒಂದು ಟಿಪ್ಪಣಿಯನ್ನು ಬರೆದರು. ಕರಾರಿನಲ್ಲಿ 'ವಾರಸುದಾರರು' ಎಂಬ ಶಬ್ದವಾಗಲಿ 'ಉತ್ತರಾಧಿಕಾರಿಗಳು' ಎಂಬ ಶಬ್ದವಾಗಲಿ ಇಲ್ಲ. ಆದುದರಿಂದ ಅದು ಕೇವಲ ಒಬ್ಬ ವ್ಯಕ್ತಿಯೊಡನೆ ಮಾಡಿಕೊಂಡುದು. ಮಹಾರಾಜರು ಔರಸ ಸಂತಾನವಿಲ್ಲದೆ ತೀರಿಕೊಂಡರೆ ಮೈಸೂರು ಬ್ರಿಟಿಷ್ ಸರ್ಕಾರಕ್ಕೆ ಸೇರತಕ್ಕದ್ದು ಎಂಬುದು ಅದರ ಸಾರ. ಹಾಗಾದರೆ ಸೂರ್ಯಚಂದ್ರರ ಮಾತಿಗೆ ಬೆಲೆಯೇನು? ಈ ಪಕ್ಷದವರ ದೃಷ್ಟಿಯಲ್ಲಿ ಅದು ಪೌರಸ್ತ್ಯರ ಆಡಂಬರ, ಮರ್ಯಾದೆಗೆ ಬರೆಯುವ ಒಕ್ಕಣೆ. ವಾರಸುದಾರರ ವಿಷಯದಲ್ಲಿ ಕರಾರಿನ ಮೌನವನ್ನು ಅಕ್ಷರಶಃ ಓದಿದರು. ಸೂರ್ಯಚಂದ್ರರ ವಿಷಯದಲ್ಲಿ ಕರಾರಿನ ಮಾತನ್ನೇ ಅಲಂಕಾರವೆಂದು ಬಿಟ್ಟರು. ಬರೆಯದೆ ಇದ್ದುದಕ್ಕೆ ಬಲ, ಬರೆದುದಕ್ಕೆ ಬಲವಿಲ್ಲ! ಇಂತಹ ವ್ಯಾಖ್ಯಾನವನ್ನು ನಮ್ಮ ಪಾಠಶಾಲೆಯ ವಿದ್ಯಾರ್ಥಿಯೊಬ್ಬನು ಮಾಡಿದ್ದರೆ ಗುರುಗಳು ಅವನನ್ನು ಹೊರಗೆ ನಿಲ್ಲಿಸುತ್ತಿದ್ದರು.

ಹಾಗೆ ಏಕೆ ಹೇಳುತ್ತೇವೆಂದರೆ, ಅಲಂಕಾರದ ಅರ್ಥವನ್ನು ಯಾವಾಗ ಹಿಡಿಯಬಹುದು, ಯಾವಾಗ ಹಿಡಿಯಬಾರದು ಎಂಬುದಕ್ಕೆ ನಮ್ಮ ಶಾಸ್ತ್ರಕಾರರು ಖಚಿತವಾದ ಕಟ್ಟಳೆಯನ್ನು ಮಾಡಿಟ್ಟಿದ್ದಾರೆ. ಮೊದಲು ಮುಖ್ಯಾರ್ಥಕ್ಕೆ ಬಾಧೆ ಬರಬೇಕು, ಎಂದರೆ ನೇರವಾದ ಅರ್ಥವು ಸಲ್ಲದಂತಾಗಬೇಕು. ಆಗ ಹಿಡಿಯುವ ಎರಡನೆಯ ಅರ್ಥಕ್ಕೆ ಮೊದಲನೆಯದರೊಡನೆ ಸಂಬಂಧವಿರಬೇಕು. ಅದಕ್ಕೆ ಲೋಕರೂಢಿಯಾಗಲಿ ವಿಶೇಷವಾದ ಪ್ರಯೋಜನವಾಗಲಿ ಇರಬೇಕು. ಈ ಮೂರೂ ಕೂಡಿದರೆ ಲಕ್ಷಣೆ. 'ಗಂಗೆಯಲ್ಲಿ ಗೊಲ್ಲರ ಹಟ್ಟಿ' ಎಂದರೆ ನೀರಿನ ಮೇಲೆ ಹಟ್ಟಿ ನಿಲ್ಲದು. ಆದುದರಿಂದ ಗಂಗೆಯ ದಡ ಎಂದು ಅರ್ಥ. ಇದು ಅಲಂಕಾರಶಾಸ್ತ್ರದಲ್ಲಿ ಎಲ್ಲರೂ ಓದುವ ಉದಾಹರಣೆ. ('ಕಾವೇರಿಯಲ್ಲಿ ಶ್ರೀರಂಗಪಟ್ಟಣ' ಎಂದರೆ ಮಾತ್ರ ಲಕ್ಷಣೆಯ ಸಹಾಯವೇ ಬೇಕಾಗಿಲ್ಲ, ಅದು ದ್ವೀಪವಷ್ಟೆ.) ಮುಖ್ಯ ಸಂಗತಿಯೇನೆಂದರೆ, ನೀರನ್ನು ಬಿಟ್ಟ ಅರ್ಥವು ಪಕ್ಕದ ದಡಕ್ಕೆ ಹೋಗಬೇಕೇ ಹೊರತು ಹಿಮಾಲಯಕ್ಕೆ ಹಾರಬಾರದು.

ಈ ಕಟ್ಟಳೆಯನ್ನು 1799ರ ಕರಾರಿಗೆ ಹಚ್ಚಿ ನೋಡೋಣ. ಸೂರ್ಯಚಂದ್ರರು ಅಳಿಯುವ ದಿನದವರೆಗೆ ಒಂದು ರಾಜ್ಯವು ನಿಲ್ಲುವುದು ಮನುಷ್ಯರ ಲೋಕದಲ್ಲಿ ಸಾಧ್ಯವಲ್ಲ, ಆದುದರಿಂದ ನೇರವಾದ ಅರ್ಥಕ್ಕೆ ಬಾಧೆ ಬಂದಿತೆಂದೇ ಒಪ್ಪೋಣ. ಆಗ ಅರ್ಥವು ಪಕ್ಕದ ಯಾವ ದಡಕ್ಕೆ ಸರಿಯಬೇಕು? 'ಬಹುಕಾಲ, ತಲೆತಲಾಂತರ' ಎಂಬುದಕ್ಕೆ. ರೂಢಿಯೂ ಅದೇ, ಈ ಸೀಮೆಯ ಕಲ್ಲುಗಳೆಲ್ಲವೂ ಸಾಕ್ಷಿ. 'ಒಬ್ಬ ಮನುಷ್ಯನು ಸಾಯುವವರೆಗೆ' ಎಂಬ ಅರ್ಥಕ್ಕೆ ಆ ಮಾತು ಯಾವ ಲಕ್ಷಣೆಯಿಂದಲೂ ಬರಲಾರದು. ಆದುದರಿಂದ ಅಕ್ಷರಾರ್ಥವನ್ನು ಹಿಡಿದರೂ ಮೈಸೂರಿಗೆ ನ್ಯಾಯ, ಅಲಂಕಾರಾರ್ಥವನ್ನು ಹಿಡಿದರೂ ಮೈಸೂರಿಗೆ ನ್ಯಾಯ. ಡಾಲ್‌ಹೌಸಿಯವರ ಓದಿಗೆ ಇವೆರಡೂ ಸಾಲದೆ ಮೂರನೆಯದೊಂದು ಬೇಕಾಯಿತು, ಬೇಕಾದವನಿಗೆ ಬೇಕಾದ ಅರ್ಥ ಎಂಬುದು. ತಮ್ಮ ಸಾಮ್ರಾಜ್ಯದಲ್ಲಿ ಸೂರ್ಯನು ಮುಳುಗುವುದಿಲ್ಲವೆಂದು ಆ ಜನ ಹೇಳಿಕೊಳ್ಳುತ್ತಿದ್ದರು. ಆ ಮಾತನ್ನು ಭೂಪಟವನ್ನು ತೆರೆದು ಅಕ್ಷರಶಃ ಸಾಧಿಸುತ್ತಿದ್ದರು. ತಮ್ಮ ಸೂರ್ಯನು ನಿಜವಾದ ಸೂರ್ಯ, ಮೈಸೂರಿನ ಸೂರ್ಯನು ಮಾತ್ರ ಉಪಮಾನ!

ಅಲಂಕಾರದ ಮೇಲೆ ನಮಗೆ ದ್ವೇಷವಿದೆಯೆಂದು ಯಾರೂ ತಿಳಿಯಬಾರದು. ತೊಣ್ಣೂರಿನ ಕೆರೆಗೆ ಮೋತಿ ತಲಾಬ್ ಎಂದು ಹೆಸರಿಟ್ಟರು. ಮುತ್ತನ್ನು ಹುಡುಕುತ್ತ ಅಲ್ಲಿಗೆ ಹೋದವರಿಲ್ಲ. ಹೈದರ್, ಟಿಪ್ಪುಗಳ ಸಹಾಯಕ್ಕೆ ಬಂದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ ಆಂಗ್ಲೇಯರು 'ಫ್ರೆಂಚ್ ರಾಕ್ಸ್' ಎಂದು ಹೆಸರಿಟ್ಟರು. ಬಂಡೆಗಳೇನೂ ಫ್ರಾನ್ಸಿನಿಂದ ಬಂದವಲ್ಲ. ಆ ಹೆಸರನ್ನು ಬಿಟ್ಟು ನಾವು ಪಾಂಡವಪುರ ಎಂದು ಕರೆದೆವು. ಕುಂತಿಬೆಟ್ಟದ ಐತಿಹ್ಯವನ್ನು ಪುರಾತತ್ತ್ವ ಇಲಾಖೆಯವರು ಪರೀಕ್ಷಿಸಿ ಒಪ್ಪಬೇಕೆಂದು ಯಾರೂ ಕೇಳಲಿಲ್ಲ. ಹೆಸರಿನಲ್ಲಿ, ಹಾಡಿನಲ್ಲಿ, ಹರಕೆಯಲ್ಲಿ ಅಲಂಕಾರವಿದ್ದರೆ ಯಾರ ಹೊಲಕ್ಕೂ ನೀರು ತಪ್ಪುವುದಿಲ್ಲ. ಒಬ್ಬನು ಕೊಟ್ಟು ಇನ್ನೊಬ್ಬನು ಪಡೆಯುವ ಕಾಗದದಲ್ಲಿ ಅದು ಸೇರಿಕೊಂಡಾಗಲೇ ತೊಂದರೆ.

ಅದೇ ಕರಾರಿನ ಇನ್ನೆರಡು ಮೂರು ಪದಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಮೈಸೂರಿನವರು ಸೈನ್ಯದ ವೆಚ್ಚಕ್ಕಾಗಿ ವರ್ಷಕ್ಕೆ 7 ಲಕ್ಷ ವರಹ, ಎಂದರೆ 24.5 ಲಕ್ಷ ರೂಪಾಯಿ, ಕೊಡತಕ್ಕದ್ದೆಂದು ಗೊತ್ತಾಯಿತು. ಅದಕ್ಕೆ 'ಸಬ್ಸಿಡಿ' ಎಂದು ಹೆಸರು. ಸಬ್ಸಿಡಿ ಎಂದರೆ ಸಹಾಯಧನ. ಇಂದು ರೈತನು ಸರ್ಕಾರದಿಂದ ಪಡೆಯುವುದೂ ಅದೇ ಹೆಸರಿನದು. ಆಗ ಮಾತ್ರ ಬಡವನೇ ಬಲ್ಲಿದನಿಗೆ ಸಹಾಯ ಮಾಡಬೇಕಾಗಿದ್ದಿತು. ಪೊಗದಿ ಎಂಬ ನಮ್ಮ ಹಳೆಯ ಮಾತನ್ನು ಬಳಸಿದ್ದರೆ ಯಾರಿಗೂ ಭ್ರಾಂತಿಯಾಗುತ್ತಿರಲಿಲ್ಲ.

ಈ ಹಣವು ನಿಂತುಹೋಗುವ ಭಯವಿದ್ದರೆ ಗವರ್ನರ್ ಜನರಲ್ಲರು ರಾಜ್ಯದ 'ಭಾಗವನ್ನು ಅಥವಾ ಭಾಗಗಳನ್ನು' ತಮ್ಮ ವಶಕ್ಕೆ ತೆಗೆದುಕೊಳ್ಳಬಹುದೆಂದು ಇನ್ನೊಂದು ಕಲಮು. 1831ರಲ್ಲಿ, ನಗರದ ದಂಗೆಯ ತರುವಾಯ, ಬೆಂಟಿಂಕ್ ಪ್ರಭುಗಳು ಈ ಕಲಮನ್ನು ತೋರಿಸಿ ಭಾಗವನ್ನಲ್ಲ, ಇಡೀ ರಾಜ್ಯವನ್ನೇ ತೆಗೆದುಕೊಂಡರು. ಭಾಗವೆಂದರೆ ಪೂರ್ಣವೆಂದು ಯಾವ ನಿಘಂಟಿನಲ್ಲಿದೆಯೋ ನಾವರಿಯೆವು. ಆದರೆ ಬೆಂಟಿಂಕರ ವಿಷಯದಲ್ಲಿ ಒಂದು ನ್ಯಾಯವನ್ನು ಹೇಳಲೇಬೇಕು. 1834ರಲ್ಲಿ ಅವರೇ ತಮ್ಮ ಮೇಲಿನವರಿಗೆ ಬರೆದ ಕಾಗದದಲ್ಲಿ, ಕಟ್ಟುನಿಟ್ಟಾದ ಅರ್ಥದಂತೆ ನೋಡಿದರೆ ತಾವು ಮಾಡಿದುದು ಕಾನೂನಿಗೂ ನ್ಯಾಯಕ್ಕೂ ಒಪ್ಪುವುದೇ ಎಂಬ ಸಂದೇಹವು ತಮಗಿದೆಯೆಂದು ಒಪ್ಪಿಕೊಂಡರು. ಕರಾರು ರಾಜ್ಯವನ್ನು ತೆಗೆದುಕೊಳ್ಳಲು ಅಧಿಕಾರ ಕೊಡುವುದು ಪೊಗದಿಯನ್ನು ಭದ್ರಪಡಿಸುವುದಕ್ಕಾಗಿ. ತಾವು ತೆಗೆದುಕೊಂಡುದು ದುರಾಡಳಿತದ ಕಾರಣಕ್ಕಾಗಿ. ಪೊಗದಿಗಾದರೋ ಆಗ ಅಪಾಯವೇ ಕಾಣುತ್ತಿರಲಿಲ್ಲ ಎಂದರು. ತಪ್ಪನ್ನು ಇಷ್ಟು ನೇರವಾಗಿ ಒಪ್ಪಿದ ಅಧಿಕಾರಿಗಳು ಯಾವ ಕಾಲದಲ್ಲಿಯೂ ಅಪೂರ್ವ. ಒಪ್ಪಿದರೂ ರಾಜ್ಯವು ಹಿಂದಿರುಗಿ ಬರಲು 1881ರವರೆಗೆ ಕಾಯಬೇಕಾಯಿತು.

'ಅಡ್ವೈಸ್' ಎಂಬ ಪದದ ಕಥೆ ಇದಕ್ಕಿಂತ ಸೊಗಸು. ರಾಜ್ಯದ ಹಣಕಾಸು, ಕಂದಾಯ, ನ್ಯಾಯಪರಿಪಾಲನೆ, ವ್ಯಾಪಾರ, ವ್ಯವಸಾಯ ಮೊದಲಾದ ವಿಷಯಗಳಲ್ಲಿ ಕುಂಪಣಿ ಸರ್ಕಾರವು ಆಗಾಗ ಕೊಡುವ ಸಲಹೆಗೆ ಮಹಾರಾಜರು ಅತ್ಯಂತ ಗಮನವನ್ನು ಕೊಡತಕ್ಕದ್ದೆಂದು ಹದಿನಾಲ್ಕನೆಯ ಕಲಮು ಹೇಳಿತು. ಸಲಹೆಯೆಂದರೆ ಕೇಳಬಹುದು, ಬಿಡಬಹುದು. ನಮ್ಮ ನೆರೆಮನೆಯವರು ಕೊಡುವುದು ಅದೇ. ರೆಸಿಡೆಂಟರ ಬಾಯಿಂದ ಬಂದುದು ಮಾತ್ರ ಬಿಡಲಾಗದ ಸಲಹೆ. ಅಲ್ಲಿ ಮೃದುವಾದ ಪದವನ್ನು ಕಠಿನವಾದ ಅರ್ಥದಲ್ಲಿ ಓದಿದರು; ಸೂರ್ಯಚಂದ್ರರ ಕಡೆ ದೃಢವಾದ ಪದವನ್ನು ಪೊಳ್ಳಾದ ಅರ್ಥದಲ್ಲಿ ಓದಿದರು. ಎರಡು ಓದುಗಳಿಗೂ ಸಮಾನವಾದುದು ಯಾವುದೆಂದರೆ ಓದಿದವರೇ.

ಕಡೆಗೆ ಗೆದ್ದುದು ಯಾರ ವ್ಯಾಖ್ಯಾನ? ಮುಮ್ಮಡಿ ಕೃಷ್ಣರಾಜ ಒಡೆಯರವರು ವೃದ್ಧಾಪ್ಯದಲ್ಲಿಯೂ ಬಿಡದೆ ಮನವಿಯ ಮೇಲೆ ಮನವಿಯನ್ನು ಬರೆಯಿಸಿದರು. 1865ರ ಜೂನ್ 18ರಂದು, ಸರ್ಕಾರದ ಅನುಮತಿ ಇಲ್ಲದಿದ್ದರೂ, ಚಾಮರಾಜೇಂದ್ರ ಒಡೆಯರವರನ್ನು ದತ್ತು ಸ್ವೀಕರಿಸಿದರು. ಅದೇ ವರ್ಷ ಮೇಜರ್ ಇವಾನ್ಸ್ ಬೆಲ್ ಎಂಬ ಆಂಗ್ಲೇಯ ಸಜ್ಜನರು ಮೈಸೂರಿನ ಪರವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿದರು. 1867ರ ಏಪ್ರಿಲಿನಲ್ಲಿ ಇಂಡಿಯಾ ಮಂತ್ರಿ ಸರ್ ಸ್ಟ್ಯಾಫರ್ಡ್ ನಾರ್ತ್‌ಕೋಟರು ದತ್ತಕವನ್ನು ಒಪ್ಪಿದರು. ಒಪ್ಪಿದ ರೀತಿಯನ್ನು ಗಮನಿಸತಕ್ಕುದು: 1799ರ ಕರಾರುಗಳ ಶಬ್ದಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸುವ ಗೋಜಿಗೆ ಹೋಗದೆಯೇ, ಮೈಸೂರಿನಲ್ಲಿ ದೇಶೀಯ ರಾಜವಂಶವೊಂದು ಇರಲೆಂಬ ಉದ್ದೇಶವು ಆ ವ್ಯವಸ್ಥೆಯಲ್ಲಿತ್ತೆಂದು ಹೇಳಿ ಮುಗಿಸಿದರು. ಫಲವು ಒಳ್ಳೆಯದೇ ಆಯಿತು. ಆದರೆ ಹಕ್ಕಾಗಿ ಬರಬೇಕಾದುದು ಕೃಪೆಯಾಗಿ ಬಂದಿತು. ಸೂರ್ಯಚಂದ್ರರ ಅರ್ಥವೇನೆಂಬ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರವೇ ದೊರೆಯಲಿಲ್ಲ. ಮರುವರ್ಷ ಮಾರ್ಚಿಯಲ್ಲಿ ವೃದ್ಧ ಮಹಾರಾಜರು ತೀರಿಕೊಂಡರು. 1881ರಲ್ಲಿ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವನ್ನು ಬಿಟ್ಟುಕೊಟ್ಟ ಪತ್ರದಲ್ಲಿ ವಂಶಪರಂಪರೆಯ ಮಾತನ್ನು ಬರೆದರು, ಜೊತೆಗೆ ಷರತ್ತುಗಳನ್ನೂ ಬರೆದರು.

ಶ್ರೀರಂಗಪಟ್ಟಣದ ಪಾಡನ್ನೂ ಇಲ್ಲಿಯೇ ಹೇಳಿಬಿಡೋಣ. ಆ ದ್ವೀಪವು 'ಎಂದೆಂದಿಗೂ' ಕುಂಪಣಿಯದೆಂದು 1799ರ ಜೂನಿನ ಕರಾರಿನಲ್ಲಿ ಬರೆದುಕೊಂಡರು. ತರುವಾಯ ಅದನ್ನು ಮೈಸೂರಿಗೇ ವರ್ಷಕ್ಕೆ 50,000 ರೂಪಾಯಿಗೆ ಗುತ್ತಿಗೆಗೆ ಕೊಟ್ಟರು. 1881ರಲ್ಲಿ ಬೆಂಗಳೂರಿನ ದಂಡುಪ್ರದೇಶವು ತಮಗೆ ಬೇಕಾದಾಗ ದ್ವೀಪವನ್ನು ಅದಕ್ಕೆ ಬದಲಾಗಿ ಹಿಂದಕ್ಕೆ ಕೊಟ್ಟರು. ಎಂದೆಂದಿಗೂ ಎಂಬುದರ ಆಯುಸ್ಸು 82 ವರ್ಷಗಳಾಯಿತು. ಆ ದಂಡುಪ್ರದೇಶವೂ 1947ರಲ್ಲಿ ನಮಗೆ ಬಂದಿತು.

ಪರರಾಜ್ಯದ ಕಾಲ ಕಳೆಯಿತು, ಇನ್ನು ಈ ಚರ್ಚೆ ಏಕೆಂದು ಕೇಳುವವರು ಕನ್ನಂಬಾಡಿಯ ಕಟ್ಟೆಯ ಮೇಲೆ ನಿಂತು ಒಂದು ಗಳಿಗೆ ಯೋಚಿಸಲಿ. ಪಾಂಡವಪುರದ ಗದ್ದೆಗಳಿಗೂ ಅದರಾಚೆ ಮಂಡ್ಯ, ಮದ್ದೂರುಗಳ ಕಬ್ಬಿನ ತೋಟಗಳಿಗೂ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯುವ ನೀರು ಎರಡು ಇಂಗ್ಲಿಷ್ ಕರಾರುಗಳ ಸಂದಿಯಿಂದ ಹರಿದು ಬಂದುದು. 1892ರ ಫೆಬ್ರವರಿ 18ರ ಕರಾರಿನ ಪ್ರಕಾರ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಕಟ್ಟೆಯನ್ನು ಕಟ್ಟುವಂತಿರಲಿಲ್ಲ. ಮದ್ರಾಸಾದರೋ ತಾನು ಈಗಾಗಲೆ ಪಡೆದು ವಾಸ್ತವವಾಗಿ ಅನುಭವಿಸುತ್ತಿರುವ ಹಕ್ಕಿನ ರಕ್ಷಣೆಗಾಗಿ ಹೊರತು ಒಪ್ಪಿಗೆಯನ್ನು ತಡೆಯುವಂತಿರಲಿಲ್ಲ. 'ಈಗಾಗಲೆ', 'ವಾಸ್ತವವಾಗಿ' ಎಂಬ ಈ ಎರಡು ಪದಗಳು ಎಷ್ಟು ದೂರ ಚಾಚುವುವೆಂಬುದೇ ವ್ಯಾಜ್ಯ. ಕಟ್ಟೆಯ ಕೆಲಸವು 1911ರಲ್ಲಿ ಮೊದಲಾಗಿದ್ದಾಗ ಈ ವ್ಯಾಜ್ಯವೂ ಬೆಳೆಯಿತು. 1914ರಲ್ಲಿ ಗ್ರಿಫಿನ್ ಸಾಹೇಬರ ಪಂಚಾಯಿತಿ ತೀರ್ಪಾಯಿತು, ಅದರ ಮೇಲೆ ಅಪೀಲಾಯಿತು. ಕೊನೆಗೆ 1924ರಲ್ಲಿ, ಅದೇ ಫೆಬ್ರವರಿ 18ರಂದು, ಎರಡನೆಯ ಕರಾರಾಯಿತು.

ಈ ಎರಡನೆಯದರಲ್ಲಿ ಒಂದು ವಾಕ್ಯವಿದೆ. ಕೆಲವು ಕಲಮುಗಳಲ್ಲಿನ ಮಿತಿಗಳೂ ಏರ್ಪಾಡುಗಳೂ 50 ವರ್ಷಗಳು ತೀರಿದ ಮೇಲೆ 'ಪುನರ್ವಿಮರ್ಶೆಗೆ ತೆರೆದಿರತಕ್ಕದ್ದು' ಎಂಬುದೇ ಅದು. ತೆರೆದಿರುವುದು ಎಂಬ ಮಾತೇ ಒಂದು ಅಲಂಕಾರ. ಕರಾರಿಗೆ ಬಾಗಿಲಿಲ್ಲ, ಕದವಿಲ್ಲ. 1974ರಲ್ಲಿ ಐವತ್ತು ವರ್ಷಗಳು ತುಂಬಿದುವು. ಮನೆಯ ವಾಯಿದೆಯೇ ಮುಗಿಯಿತು, ಕರಾರು ಸತ್ತಿತು ಎಂದು ಕರ್ನಾಟಕವು ಹೇಳಿತು. ಒಂದೆರಡು ಕೋಣೆಗಳ ಬಾಗಿಲನ್ನು ತೆರೆದು ನೋಡಬಹುದೆಂದು ಮಾತ್ರ ಬರೆದಿದೆ, ಮನೆಯು ಹಾಗೆಯೇ ನಿಂತಿದೆ ಎಂದು ತಮಿಳುನಾಡು ಹೇಳಿತು. ಒಂದು 'ತೆರೆದಿರುವುದು' ಎಂಬುದರ ಅರ್ಥಕ್ಕಾಗಿ ಎರಡು ರಾಜ್ಯಗಳು ಮಾತುಕತೆ ನಡೆಸಿದುವು, ಮುನಿಸಿಕೊಂಡುವು. 1990ರ ಜೂನಿನಲ್ಲಿ ನ್ಯಾಯಮಂಡಲಿ ಬಂದಿತು, 2007ರ ಫೆಬ್ರವರಿಯಲ್ಲಿ ಅದರ ಅಂತಿಮ ತೀರ್ಪು ಬಂದಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು 1924ರ ಕರಾರು 1974ರಲ್ಲಿಯೇ ಮುಗಿಯಿತೆಂದು ಹೇಳಿ, ಕರ್ನಾಟಕದ ಪಾಲನ್ನು 270ರಿಂದ 284.75 ಟಿ.ಎಂ.ಸಿ.ಗೆ ಏರಿಸಿತು. ಕರಾರಿಗೆ 94 ವರ್ಷಗಳು ತುಂಬಲು ಆಗ ಎರಡು ದಿನಗಳು ಉಳಿದಿದ್ದವು. ಅದು ಸತ್ತು 44 ವರ್ಷಗಳಾದ ಮೇಲೆ ಅದರ ಮರಣಪತ್ರವು ನಮ್ಮ ಕೈಗೆ ಸಿಕ್ಕಿತು.

ಈ ನಡುವೆ ನಾವೂ ಪದಗಳ ವಿಷಯದಲ್ಲಿ ಶುದ್ಧರಾಗಿಯೇ ನಡೆದುಕೊಂಡೆವೆಂದು ಎದೆ ತಟ್ಟಿಕೊಳ್ಳಲಾರೆವು. 1924ರ ವಾಕ್ಯವನ್ನು ನಿಷ್ಪಕ್ಷಪಾತವಾಗಿ ಓದಿದವನು ಅದರಲ್ಲಿ 'ಪುನರ್ವಿಮರ್ಶೆ' ಎಂಬ ಶಬ್ದವನ್ನು ಕಾಣುವನು, 'ಅಂತ್ಯ' ಎಂಬ ಶಬ್ದವನ್ನು ಕಾಣನು. ನಮ್ಮ ಪಕ್ಷವು ಗೆದ್ದಿತೆಂಬ ಕಾರಣದಿಂದ ಈ ಸಂಗತಿಯನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. ಇನ್ನೊಂದು ಉದಾಹರಣೆಯು ಮನಸ್ಸಿಗೆ ಇನ್ನೂ ಕಸಿವಿಸಿಯಾದುದು. ಸಂಸ್ಥಾನಗಳು ಭಾರತದಲ್ಲಿ ಸೇರಿದಾಗ ರಾಜರುಗಳಿಗೆ ವಾರ್ಷಿಕ ರಾಜಧನವನ್ನು ವಾಗ್ದಾನ ಮಾಡಿ ಅದನ್ನು ಸಂವಿಧಾನದಲ್ಲಿಯೇ ಬರೆದೆವು; ಮೈಸೂರಿನ ಮಹಾರಾಜರವರಿಗೆ 26 ಲಕ್ಷ ರೂಪಾಯಿ. 1971ರಲ್ಲಿ ಇಪ್ಪತ್ತಾರನೆಯ ತಿದ್ದುಪಡಿಯಿಂದ ಅದನ್ನು ತೆಗೆದುಹಾಕಿದೆವು. ಬಡವರ ದೇಶದಲ್ಲಿ ಅಂತಹ ಧನವು ಶಾಶ್ವತವಾಗಿರಬಾರದೆಂಬುದೇ ನಮ್ಮ ಅಭಿಪ್ರಾಯವೂ ಹೌದು. ಆದರೆ ಅಂದು ಕೊಟ್ಟ ಭರವಸೆಯ ಮಾತು ಬರಿಯ ಒಕ್ಕಣೆಯಾಗಿದ್ದಿತೆಂದು ಯಾರಾದರೂ ಸಮರ್ಥಿಸಿದರೆ ಅವರು ಡಾಲ್‌ಹೌಸಿಯವರ ಗುರುಕುಲಕ್ಕೆ ಸೇರಿದವರೆಂದು ನಾವು ಹೇಳುತ್ತೇವೆ. ಮಾತನ್ನು ಮುರಿಯಬೇಕಾದ ಪ್ರಸಂಗ ಬಂದರೆ ಮುರಿದೆವೆಂದು ಹೇಳಿ ಮುರಿಯತಕ್ಕುದು. ಆ ಮಾತಿಗೆ ಅರ್ಥವೇ ಇರಲಿಲ್ಲವೆನ್ನುವುದು ಎರಡನೆಯ ತಪ್ಪು.

ಇದಕ್ಕೆ ಹಿಂದಿನವರಲ್ಲಿ ಒಂದು ಒಳ್ಳೆಯ ಪದ್ಧತಿಯಿದ್ದಿತು. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ ಗಂಗರ ಶ್ರೀಪುರುಷನ ತಾಮ್ರಪಟಗಳು ಕ್ರಿ. ಶ. 776ರವು; ಬರೆದು ಕೊಡುವ ವ್ಯವಹಾರವು ಈ ಸೀಮೆಗೆ ಅಷ್ಟು ಹಳೆಯದು. ಆ ಕಾಲದ ಅನೇಕ ತಾಮ್ರಶಾಸನಗಳನ್ನು ನೋಡಿದವರಿಗೆ ಒಂದು ಸಂಗತಿಯು ತಿಳಿದಿರುವುದು. ರಾಜನ ಪ್ರಶಸ್ತಿಯು ಸಂಸ್ಕೃತದಲ್ಲಿರುತ್ತದೆ, ಅಲ್ಲಿ ಅವನು ಸೂರ್ಯನೂ ಹೌದು, ಸಿಂಹವೂ ಹೌದು, ಸಮುದ್ರವೂ ಹೌದು, ಅಡ್ಡಿಯಿಲ್ಲ. ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಕಡೆಗೆ ಬಂದಾಗ ಮಾತ್ರ ಬರೆಯುವವನು ಸಂಸ್ಕೃತವನ್ನು ಬಿಟ್ಟು ಕನ್ನಡಕ್ಕೆ ಇಳಿಯುತ್ತಾನೆ. ಮೂಡಣ ದಿಕ್ಕಿಗೆ ಇಂತಹ ಮರ, ತೆಂಕಣಕ್ಕೆ ಇಂತಹ ಹಳ್ಳ, ಹುತ್ತ, ಬಂಡೆ. ಅಲ್ಲಿ ಉಪಮೆಯಿಲ್ಲ, ಉತ್ಪ್ರೇಕ್ಷೆಯಿಲ್ಲ. ನಾಳೆ ಜಗಳವಾದರೆ ಆ ಹೊಲದ ನೆರೆಯವನೇ ಬಂದು ಸಾಕ್ಷಿ ಹೇಳಬೇಕು; ಅವನಿಗೆ ತಿಳಿಯುವ ಭಾಷೆಯಲ್ಲಿ, ಅವನು ಕಣ್ಣಾರೆ ಕಂಡ ಗುರುತುಗಳಲ್ಲಿ ಅದು ಇರಬೇಕೆಂಬ ವಿವೇಕ ಅವರಿಗಿತ್ತು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಕರಣಿಕನಿಗಿದ್ದ ಆ ವಿವೇಕವು ಇಂದಿನ ನಮ್ಮ ಸಚಿವಾಲಯಗಳಿಗೆ ಇದೆಯೆಂದು ಹೇಳುವ ಧೈರ್ಯ ನಮಗಿಲ್ಲ.

ಈಗ ಕಚೇರಿಗಳಲ್ಲಿ ಕನ್ನಡವಿದೆ, ಸಂತೋಷ. ಆದರೆ ಆ ಕನ್ನಡದ ಬಹುಭಾಗವು ಇಂಗ್ಲಿಷಿನ ಒಕ್ಕಣೆಗಳಿಗೆ ಕನ್ನಡದ ಅಂಗಿಯನ್ನು ತೊಡಿಸಿದುದು. 'ಪರಿಶೀಲನೆಯಲ್ಲಿದೆ' ಎಂದರೆ ಯಾರೂ ಪರಿಶೀಲಿಸುತ್ತಿಲ್ಲ. 'ಸಹಾನುಭೂತಿಯಿಂದ ನೋಡಲಾಗುವುದು' ಎಂದರೆ ದೊರೆಯುವುದು ಸಹಾನುಭೂತಿ ಮಾತ್ರ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬಲ್ಲಿ ಕೈಗೊಳ್ಳುವವರು ಯಾರು, ಯಾವ ದಿನ, ಸೂಕ್ತವೆಂದು ಗೊತ್ತುಮಾಡುವವರು ಯಾರು ಎಂಬ ಮೂರು ಪ್ರಶ್ನೆಗಳಿಗೂ ಜಾಗವಿಲ್ಲ. ಒಂದು ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ನಾವು ನಿಂತಿದ್ದಾಗ ಗುಮಾಸ್ತರು ಓದಿ ಹೇಳಿದ ಇಂತಹ ಒಂದು ಹಿಂಬರಹವನ್ನು ಕೇಳಿದ ಮುದುಕನೊಬ್ಬನು "ಅಂಗಂದ್ರೆ ಆಗಕಿಲ್ಲ ಅಂತ ತಾನೆ, ಸ್ವಾಮಿ?" ಎಂದನು. ಗುಮಾಸ್ತರು ನಕ್ಕುಬಿಟ್ಟರು, ಉತ್ತರ ಹೇಳಲಿಲ್ಲ. ವಾಚ್ಯಾರ್ಥವನ್ನು ಬಿಟ್ಟು ವ್ಯಂಗ್ಯಾರ್ಥವನ್ನು ಹಿಡಿಯುವುದರಲ್ಲಿ ಆ ಮುದುಕನು ಯಾವ ಪಂಡಿತನಿಗೂ ಕಡಿಮೆಯಾಗಿರಲಿಲ್ಲ. ಅಧಿಕಾರಿಗಳಾದ ನಮ್ಮ ವಾಚಕರು ಮುನಿಯಬಾರದು. ಈ ಒಕ್ಕಣೆಗಳನ್ನು ಅವರು ಹುಟ್ಟಿಸಲಿಲ್ಲ, ಹಿಂದಿನವರಿಂದ ಪಡೆದರು. ಮುಂದಿನವರಿಗೆ ಕೊಡದಿರುವುದು ಮಾತ್ರ ಅವರ ಕೈಯಲ್ಲಿದೆ.

ಕಾಗದದ ಮಾತು ಕಚೇರಿಯ ಜಗುಲಿಯಲ್ಲಿ ನಗುವಿಗೆ ಕಾರಣವಾದರೆ ನಾಲೆಯ ತೂಬಿನಲ್ಲಿ ಕಣ್ಣೀರಿಗೆ ಕಾರಣವಾಗುವುದು. ಕಾವೇರಿ ನ್ಯಾಯಮಂಡಲಿಯ ಅಂತಿಮ ಆಜ್ಞೆಯಲ್ಲಿ ಹೀಗೊಂದು ಮಾತಿದೆ: 'ಸಂಕಷ್ಟದ ವರ್ಷ'ದಲ್ಲಿ ನದಿಯ ಇಳುವರಿಯು ಕಡಿಮೆಯಾದರೆ ಎಲ್ಲ ರಾಜ್ಯಗಳ ಪಾಲುಗಳೂ ಅದೇ ಪ್ರಮಾಣದಲ್ಲಿ ಕಡಿಮೆಯಾಗತಕ್ಕದ್ದು. ಇಂಗ್ಲಿಷಿನಲ್ಲಿ 'ಡಿಸ್ಟ್ರೆಸ್' ಎಂದು ಬರೆದಿದ್ದಾರೆ. ಅದು ಮನುಷ್ಯನ ಮನಸ್ಸಿಗೆ ಹೇಳುವ ಶಬ್ದ. ನದಿಗೆ ಹೇಳಿದಾಗ ಅಲಂಕಾರ. ನದಿಗೆ ಸಂಕಟವಾಯಿತೆಂದು ತಿಳಿಯುವುದು ಹೇಗೆ? ಯಾವ ತಿಂಗಳಿನಲ್ಲಿ, ಯಾವ ಕಟ್ಟೆಯಲ್ಲಿ, ಎಷ್ಟು ಅಡಿಗೆ ಇಳಿದರೆ ಸಂಕಷ್ಟ? ಮಳೆಯು ಜೂನಿನಲ್ಲಿ ಸೋತು ಆಗಸ್ಟಿನಲ್ಲಿ ಬಂದರೆ ಲೆಕ್ಕವೇನು? 2012ರಲ್ಲಿ, 2016ರಲ್ಲಿ, 2023ರಲ್ಲಿ ಕನ್ನಂಬಾಡಿಯ ನೀರಿಗಾಗಿ ಮಂಡ್ಯ ಸೀಮೆಯ ಜನರು ಬೀದಿಗೆ ಬಂದಾಗಲೆಲ್ಲ ವ್ಯಾಜ್ಯದ ಬೇರು ಈ ಪದದಲ್ಲಿತ್ತು. 2023ರ ಆಗಸ್ಟ್, ಸೆಪ್ಟೆಂಬರುಗಳಲ್ಲಿ ಎರಡು ರಾಜ್ಯಗಳ ಅಧಿಕಾರಿಗಳು ಪ್ರಾಧಿಕಾರದ ಮುಂದೆ ಕುಳಿತು ವಾದಿಸುತ್ತಿದ್ದಾಗ ಸಂಕಷ್ಟವನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಒಂದು ಸೂತ್ರವಿರಲಿಲ್ಲ. ಒಣಗುತ್ತಿದ್ದ ಭತ್ತದ ಸಸಿಗೆ ಸಂಕಷ್ಟವೆಂಬುದು ಅಲಂಕಾರವಾಗಿರಲಿಲ್ಲ.

ಕೃಷ್ಣರಾಜಪೇಟೆ, ನಾಗಮಂಗಲದವರಿಗೂ ಇದು ದೂರದ ಮಾತಲ್ಲ. ಅವರ ಕಡೆಗೆ ನೀರು ಬರುವುದು ಹೇಮಾವತಿಯಿಂದ. ಹೇಮಾವತಿಯೂ ಕಾವೇರಿಯ ಲೆಕ್ಕದಲ್ಲಿಯೇ ಸೇರಿದುದು. ಮೇಲಿನ ಕಟ್ಟೆಯಲ್ಲಿ ಎಷ್ಟು ನಿಲ್ಲಿಸಬಹುದು, ಕೆಳಗೆ ಎಷ್ಟು ಬಿಡಬೇಕು ಎಂಬುದನ್ನು ಅದೇ ಶಬ್ದವು ಗೊತ್ತುಮಾಡುವುದು. ನಾಲೆಯ ಕೊನೆಯಲ್ಲಿರುವವರ ಸರದಿಯು ಯಾವಾಗಲೂ ಕೊನೆಯದೇ ಎಂಬುದನ್ನು ಅವರಿಗೆ ನಾವು ಹೇಳಿಕೊಡಬೇಕಾದುದಿಲ್ಲ.

ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಗೊತ್ತುಮಾಡಿದ ಹಂಚಿಕೆಯು ಹದಿನೈದು ವರ್ಷಗಳ ಕಾಲ ಬದಲಾಗತಕ್ಕದ್ದಲ್ಲ ಎಂದು ಹೇಳಿದೆ. ಆ ಅವಧಿಯು 2033ಕ್ಕೆ ತುಂಬುವುದು. ಅಂದಿನಿಂದ ಆ ಹಂಚಿಕೆಯು ಮುಗಿದಂತೆಯೋ, ಮುಂದುವರಿದಂತೆಯೋ, ಬಾಗಿಲು ತೆರೆದಂತೆಯೋ ಎಂಬ ಪ್ರಶ್ನೆಯು ಮತ್ತೆ ಬಾರದೆ ಇರದು. 1974ರಲ್ಲಿ ಬಂದ ಪ್ರಶ್ನೆಗೆ ಉತ್ತರ ಸಿಕ್ಕಲು ಒಂದು ತಲೆಮಾರು ಕಳೆಯಿತು. ಈ ಸಲ ನಮ್ಮ ಸರ್ಕಾರದವರು ಗಡುವು ಮುಗಿಯುವ ದಿನದವರೆಗೆ ಕಾಯಬಾರದೆಂದು ನಾವು ಒತ್ತಾಯಪಡಿಸುತ್ತೇವೆ. 'ಸಂಕಷ್ಟ' ಎಂಬುದಕ್ಕೆ ಅಂಕಿಗಳಲ್ಲಿ ಅರ್ಥವನ್ನು ಕೇಳತಕ್ಕುದು: ತಿಂಗಳಿನ ಹೆಸರು, ಕಟ್ಟೆಯ ಹೆಸರು, ಅಡಿಯ ಲೆಕ್ಕ, ಟಿ.ಎಂ.ಸಿ. ಲೆಕ್ಕ. ತಮಿಳುನಾಡಿನ ರೈತನಿಗೂ ಇದರಿಂದ ಉಪಕಾರವೇ ಹೊರತು ಅಪಕಾರವಿಲ್ಲ. ಗೊತ್ತಿಲ್ಲದ ಪದದಿಂದ ಅವನ ಕುರುವೆಯೂ ಒಣಗಿದೆ.

ಎರಡನೆಯದಾಗಿ, ನ್ಯಾಯಮಂಡಲಿಯ ಆಜ್ಞೆಯ ಮತ್ತು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಆವಶ್ಯಕವಾದ ಭಾಗಗಳ ಕನ್ನಡ ಪಾಠವನ್ನು, ಒಂದೊಂದು ಪದಕ್ಕೂ ಯಾವ ಅರ್ಥವನ್ನು ಹಿಡಿದಿದೆಯೆಂಬ ವಿವರಣೆಯೊಡನೆ, ಸರ್ಕಾರವೇ ಪ್ರಕಟಿಸತಕ್ಕುದು. ಉಚ್ಚ ನ್ಯಾಯಾಲಯಗಳ ವ್ಯವಹಾರವು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಸಂವಿಧಾನದ 348ನೆಯ ಅನುಚ್ಛೇದವು ಹೇಳುವುದು ನಿಜ. ಅರ್ಥವನ್ನು ಕನ್ನಡದಲ್ಲಿ ಹೇಳಬಾರದೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಆ ಪುಸ್ತಕದ ಪ್ರತಿಗಳು ಬೆಂಗಳೂರಿನ ಬೀರುಗಳಲ್ಲಿ ಅಲ್ಲ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ತಾಲ್ಲೂಕು ಕಚೇರಿಗಳಲ್ಲಿಯೂ ನೀರಾವರಿ ಇಲಾಖೆಯ ವಿಭಾಗ ಕಚೇರಿಗಳಲ್ಲಿಯೂ ಮೇಜಿನ ಮೇಲೆ ಇರಬೇಕು; ಕೇಳಿದ ರೈತನಿಗೆ ಓದಿ ಹೇಳುವ ಹೊಣೆಯು ಒಬ್ಬ ನೌಕರನಿಗೆ ಹೆಸರು ಹಿಡಿದು ಒಪ್ಪಿತವಾಗಬೇಕು. ಮುಂದಿನ ಮುಂಗಾರಿನ ಒಳಗೆ ಇದಾಗಬಹುದೇ ಎಂದು ನೀರಾವರಿ ಮಂತ್ರಿಗಳನ್ನು ಕೇಳುತ್ತೇವೆ. ಪರಿಶೀಲನೆಯಲ್ಲಿದೆ ಎಂಬ ಉತ್ತರವು ಬೇಡ, ತಾರೀಖು ಬೇಕು.